ಹೊಟ್ಟೆ ಉರಿಯೋ, ಎದೆ ಉರಿಯೋ? ಸ್ಕ್ಲೆರೋಡರ್ಮ ರೋಗಿಗೆ ಕೇಳುವ 34 ಪ್ರಶ್ನೆಗಳು ಭಾಷೆ ದಾಟುವ ಬಗೆ

ಕೆಲವು ವರ್ಷಗಳ ಹಿಂದೆ ಚಿಕ್ಕಮ್ಮನನ್ನು ಕರೆದುಕೊಂಡು ತಲಪಾಡಿ ದಾಟಿ ಪೇಟೆಯ ಒಂದು ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರರ ಕೋಣೆಯ ಹೊರಗೆ ಕುಳಿತಿದ್ದಾಗ ಒಬ್ಬಳು ಹುಡುಗಿ ಬಂದು ಎರಡು ಪುಟದ ಕನ್ನಡ ಹಾಳೆಯನ್ನು ಕೈಗಿತ್ತು, 'ಇದನ್ನು ತುಂಬಿಸಿ ಕೊಡಿ' ಎಂದಳು. ಚಿಕ್ಕಮ್ಮನ ಬೆರಳುಗಳು ಬಿಗಿದು ಮಡಚಿಕೊಂಡಿದ್ದವು, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಹಾಗಾಗಿ ನಾನು ಓದುವುದು, ಅವರು ಹೇಳುವುದು, ನಾನೇ ಗುರುತು ಹಾಕುವುದು ಎಂದಾಯಿತು. 'ಕಳೆದ ವಾರದಲ್ಲಿ ನಿಮಗೆ ಹೊಟ್ಟೆ ಉರಿ ಎಷ್ಟು ದಿನ ಇತ್ತು?' ಎಂದು ಓದಿದೆ. ಚಿಕ್ಕಮ್ಮ ನನ್ನ ಮುಖವನ್ನೇ ನೋಡಿದರು. 'ಎಂತದು ಮಾರಾಯ, ನನಗೆ ಯಾರ ಮೇಲೆ ಹೊಟ್ಟೆ ಉರಿ? ಇದ್ದದ್ದರಲ್ಲಿ ಸಮಾಧಾನದಲ್ಲಿ ಇದ್ದೇನೆ' ಎಂದರು. ನಾನು ನಕ್ಕು 'ಸೊನ್ನೆ' ಎಂದು ಗುರುತು ಹಾಕಿದೆ.

ಹಿಂದಿನ ರಾತ್ರಿ ಹುಳಿನೀರು ಗಂಟಲಿಗೆ ಬಂದು, ಎರಡು ಗಂಟೆಗೆ ಎದ್ದು ಕುಳಿತು, ಬೆಳಗಿನವರೆಗೆ ಗೋಡೆಗೆ ಒರಗಿಯೇ ಇದ್ದವರು ಅವರು. ಹಾಳೆಯಲ್ಲಿ ಮಾತ್ರ ಸೊನ್ನೆ. ಆ ಹಾಳೆಯನ್ನು ಇಂಗ್ಲಿಷಿನಿಂದ ಯಾರೋ ತರಾತುರಿಯಲ್ಲಿ ಕನ್ನಡಿಸಿದ್ದರು ಎಂಬುದು ಓದಿದರೆ ತಿಳಿಯುತ್ತಿತ್ತು. ಶಬ್ದಕ್ಕೆ ಶಬ್ದ ಸರಿಯಾಗಿಯೇ ಇತ್ತು. ಕೇಳಬೇಕಾದದ್ದು ಮಾತ್ರ ಕೇಳಿದಂತಾಗಲಿಲ್ಲ.

ಅಂದಿನಿಂದ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ನಾನು ಬಿ.ಎ. ಓದಿದವನು, ವೈದ್ಯನಲ್ಲ. ಆದರೆ ರೋಗಿಗೆ ಕೇಳುವ ಪ್ರಶ್ನೆಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಒಯ್ಯುವುದು ಅರ್ಧ ವೈದ್ಯರ ಕೆಲಸ, ಅರ್ಧ ಭಾಷೆ ಬಲ್ಲವರ ಕೆಲಸ. ಏಳು ಭಾಷೆಗಳ ನಾಡೆನಿಸಿದ ಕಾಸರಗೋಡಿನವರಿಗೆ ಇದು ಇತರರಿಗಿಂತ ಬೇಗ ಅರ್ಥವಾದೀತು.

ಚರ್ಮದ ಹೆಸರು, ಹೊಟ್ಟೆಯ ಕಷ್ಟ

ಸ್ಕ್ಲೆರೋಡರ್ಮ ಎಂಬುದು ಗ್ರೀಕ್ ಮೂಲದ ಹೆಸರು, ಗಟ್ಟಿಯಾದ ಚರ್ಮ ಎಂದು ಅರ್ಥ. ಇಟಲಿಯ ನೇಪಲ್ಸ್‌ನ ವೈದ್ಯ ಕಾರ್ಲೊ ಕುರ್ಜಿಯೊ 1753ರಲ್ಲಿ ಇಂಥ ರೋಗಿಯೊಬ್ಬಳ ವಿವರ ಬರೆದಿಟ್ಟಿದ್ದಾರೆ. ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಗಳ ಗುಂಪಿಗೆ ಇದು ಸೇರುತ್ತದೆ. ಸಣ್ಣ ರಕ್ತನಾಳಗಳು ಹಾಳಾಗುತ್ತವೆ, ಕೊಲಾಜನ್ ಎಂಬ ನಾರಿನಂಥ ಪದಾರ್ಥ ಅಗತ್ಯಕ್ಕಿಂತ ಹೆಚ್ಚು ಶೇಖರವಾಗುತ್ತದೆ, ಚರ್ಮ ಬಿಗಿಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು, ಸಾಮಾನ್ಯವಾಗಿ 30ರಿಂದ 50ರ ನಡುವಿನ ಪ್ರಾಯದಲ್ಲಿ ಕಾಣಿಸಿಕೊಳ್ಳುತ್ತದೆ. ತಣ್ಣೀರು ಮುಟ್ಟಿದರೆ ಬೆರಳು ಬೆಳ್ಳಗಾಗಿ, ನೀಲಿಯಾಗಿ, ಮತ್ತೆ ಕೆಂಪಾಗುವುದು ಹೆಚ್ಚಿನವರಲ್ಲಿ ಮೊದಲ ಸೂಚನೆ. ಮಳೆಗಾಲದಲ್ಲಿ ಬಾವಿಕಟ್ಟೆಯ ಬಳಿ ಪಾತ್ರೆ ತೊಳೆಯುವ ಹೆಂಗಸರು ಇದನ್ನು 'ಚಳಿಗೆ ಕೈ ಮರಗಟ್ಟಿತು' ಎಂದು ವರ್ಷಗಟ್ಟಲೆ ತಳ್ಳಿಹಾಕುವುದುಂಟು.

ಕಣ್ಣಿಗೆ ಕಾಣುವುದು ಚರ್ಮ. ಕಾಣದ ಕಡೆ ಹೆಚ್ಚು ಪೆಟ್ಟು ತಿನ್ನುವುದು ಜೀರ್ಣಾಂಗ. ಈ ರೋಗ ಇರುವ ನೂರರಲ್ಲಿ ಸುಮಾರು 90 ಮಂದಿಗೆ ಬಾಯಿಯಿಂದ ಗುದದವರೆಗಿನ ಹಾದಿಯಲ್ಲಿ ಎಲ್ಲೋ ಒಂದೆಡೆ ತೊಂದರೆ ಇರುತ್ತದೆ. ನುಂಗಿದ ತುತ್ತು ತಾನಾಗಿ ಕೆಳಗೆ ಜಾರುವುದಿಲ್ಲ, ಅನ್ನನಾಳದ ಸ್ನಾಯುಗಳು ಅಲೆಯಂತೆ ಹಿಂಡಿ ಅದನ್ನು ತಳ್ಳಬೇಕು. ಆ ಸ್ನಾಯುವೇ ಸೊರಗಿ ನಾರಾದರೆ ತುತ್ತು ನಡುವೆ ನಿಲ್ಲುತ್ತದೆ. ಅನ್ನನಾಳ ಮತ್ತು ಜಠರದ ನಡುವಿನ ಬಿಗಿಯಾದ ಬಾಗಿಲು ಸಡಿಲವಾದರೆ ಆಮ್ಲ ಮೇಲೆ ನುಗ್ಗುತ್ತದೆ. ಸಣ್ಣ ಕರುಳಿನ ಚಲನೆ ನಿಧಾನವಾದರೆ ಆಹಾರ ಅಲ್ಲೇ ನಿಂತು, ಅಲ್ಲಿ ಇರಬಾರದಷ್ಟು ಬ್ಯಾಕ್ಟೀರಿಯಾ ಬೆಳೆದು, ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ದೊಡ್ಡ ಕರುಳು ನಿಧಾನವಾದರೆ ಮಲಬದ್ಧತೆ. ಕೊನೆಯಲ್ಲಿ ಗುದದ ಸ್ನಾಯು ಸಡಿಲವಾದರೆ ಹಿಡಿತ ತಪ್ಪುತ್ತದೆ. ಯಾರೂ ಬಾಯಿಬಿಟ್ಟು ಹೇಳದ ಕಷ್ಟ ಇದು. ಈ ಕೊನೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಜೂನ್ 29ನ್ನು ಜಗತ್ತಿನಲ್ಲಿ ಸ್ಕ್ಲೆರೋಡರ್ಮ ದಿನವೆಂದು ಆಚರಿಸುತ್ತಾರೆ. 1940ರ ಆ ದಿನ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡ ಚಿತ್ರಕಾರ ಪೌಲ್ ಕ್ಲೀ ಅವರಿಗೆ ಇದೇ ರೋಗ ಇತ್ತು ಎಂಬುದು ಅವರ ಮರಣದ ನಂತರ ವೈದ್ಯರು ಬಂದ ತೀರ್ಮಾನ. ಕೊನೆಯ ವರ್ಷಗಳಲ್ಲಿ ಗಟ್ಟಿ ಆಹಾರ ನುಂಗಲಾಗದೆ ಕಷ್ಟಪಟ್ಟವರು. ಆದರೂ 1939ರ ಒಂದೇ ವರ್ಷದಲ್ಲಿ 1,200ಕ್ಕೂ ಹೆಚ್ಚು ಚಿತ್ರ ರಚಿಸಿದರು. ಕಲಾ ಪದವೀಧರನಾದ್ದರಿಂದ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

34 ಪ್ರಶ್ನೆಗಳು

ಎಂಡೋಸ್ಕೋಪಿ ಮಾಡಿದರೆ ಅನ್ನನಾಳದ ಹುಣ್ಣು ಕಾಣುತ್ತದೆ. ಆದರೆ ರಾತ್ರಿ ಎಷ್ಟು ಸಲ ಎದ್ದು ಕುಳಿತಿರಿ, ಮದುವೆಮನೆಗೆ ಹೋಗುವುದನ್ನು ಯಾಕೆ ಬಿಟ್ಟಿರಿ ಎಂಬುದು ಯಾವ ಯಂತ್ರದಲ್ಲೂ ಕಾಣುವುದಿಲ್ಲ. ಅದನ್ನು ರೋಗಿಯೇ ಹೇಳಬೇಕು. ಹೇಳಿದ್ದನ್ನು ಅಂಕಿಯಾಗಿಸಿದರೆ ಈ ತಿಂಗಳಿಗೂ ಬರುವ ತಿಂಗಳಿಗೂ ಹೋಲಿಸಬಹುದು, ಈ ಔಷಧಿಯಿಂದ ಗುಣ ಕಂಡಿತೋ ಇಲ್ಲವೋ ಎಂದು ನೋಡಬಹುದು. ಇದಕ್ಕಾಗಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ವಿಭಾಗದಲ್ಲಿ ಡಾ. ದಿನೇಶ್ ಖನ್ನಾ ಮತ್ತು ಸಂಗಡಿಗರು ಒಂದು ಪ್ರಶ್ನಾವಳಿ ರೂಪಿಸಿದರು. ಈಗ ಬಳಕೆಯಲ್ಲಿರುವ ರೂಪ 2009ರಲ್ಲಿ ಪ್ರಕಟವಾಯಿತು. ಹೆಸರು ಉದ್ದ: ಯುಸಿಎಲ್‌ಎ ಎಸ್‌ಸಿಟಿಸಿ ಜಿಐಟಿ 2.0. ನಾವು ಜಿಐಟಿ ಎಂದು ಕರೆಯೋಣ.

ಅದರ ಹಿಂದಿನ ರೂಪದಲ್ಲಿ 52 ಪ್ರಶ್ನೆಗಳಿದ್ದವು. ಮಲದ ಹಿಡಿತ ತಪ್ಪುವ ಬಗ್ಗೆ ಒಂದು ಸೇರಿಸಿ 53 ಮಾಡಿ, 152 ರೋಗಿಗಳಿಗೆ ಕೊಟ್ಟು ನೋಡಿದರು. ಕೆಲಸಕ್ಕೆ ಬಾರದ 19 ಪ್ರಶ್ನೆಗಳನ್ನು ತೆಗೆದುಹಾಕಿದರು. ಉಳಿದದ್ದು 34. ಅವು ಏಳು ಗುಂಪುಗಳಲ್ಲಿವೆ: ಆಮ್ಲ ಮೇಲೆ ಬರುವುದರ ಬಗ್ಗೆ 8, ಉಬ್ಬರದ ಬಗ್ಗೆ 4, ಭೇದಿಯ ಬಗ್ಗೆ 2, ಹಿಡಿತ ತಪ್ಪುವುದರ ಬಗ್ಗೆ 1, ಮಲಬದ್ಧತೆಯ ಬಗ್ಗೆ 4, ಮನಸ್ಸಿನ ಸ್ಥಿತಿಯ ಬಗ್ಗೆ 9, ಜನರ ನಡುವೆ ಬೆರೆಯುವುದರ ಬಗ್ಗೆ 6.

ಹೆಚ್ಚಿನ ಪ್ರಶ್ನೆಗಳು ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಈ ತೊಂದರೆ ಇತ್ತು ಎಂದು ಕೇಳುತ್ತವೆ. ಒಂದು ದಿನವೂ ಇಲ್ಲದಿದ್ದರೆ 0, ಒಂದೆರಡು ದಿನಕ್ಕೆ 1, ಮೂರು ನಾಲ್ಕು ದಿನಕ್ಕೆ 2, ಐದರಿಂದ ಏಳು ದಿನಕ್ಕೆ 3. ಗುಂಪಿನ ಸರಾಸರಿಯೇ ಆ ಗುಂಪಿನ ಅಂಕ. ಅಂಕ ಹೆಚ್ಚಾದಷ್ಟೂ ಕಷ್ಟ ಹೆಚ್ಚು. ಭೇದಿಯ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ, ಹಾಗಾಗಿ ಆ ಗುಂಪಿನ ಗರಿಷ್ಠ ಅಂಕ 3 ಅಲ್ಲ, 2. ಒಟ್ಟು ಅಂಕ ತೆಗೆಯುವಾಗ ಮಲಬದ್ಧತೆಯನ್ನು ಬಿಟ್ಟು ಉಳಿದ ಆರು ಗುಂಪುಗಳ ಸರಾಸರಿ ಹಿಡಿಯುತ್ತಾರೆ. ಐದು ಗುಂಪಿಗೆ ತಲಾ 3, ಭೇದಿಗೆ 2, ಕೂಡಿದರೆ 17. ಆರರಿಂದ ಭಾಗಿಸಿದರೆ 2.83. ಅದಕ್ಕಿಂತ ಹೆಚ್ಚು ಅಂಕ ಯಾರಿಗೂ ಬರಲಾರದು.

ಆ 152 ಮಂದಿಯಲ್ಲಿ ನೂರಕ್ಕೆ 84 ಮಂದಿ ಹೆಂಗಸರು, ನೂರಕ್ಕೆ 81 ಮಂದಿ ಬಿಳಿಯರು. ಪ್ರಶ್ನೆಗಳನ್ನು ಅವರ ಬಾಳಿನ ಅಳತೆಗೆ ಹೊಲಿದದ್ದು. ಅದರಲ್ಲಿ ತಪ್ಪೇನಿಲ್ಲ. ಅದನ್ನು ನಾವು ತೊಟ್ಟುಕೊಳ್ಳಬೇಕಾದರೆ ಮಾತ್ರ ಕತ್ತರಿ, ಸೂಜಿ ಎರಡೂ ಬೇಕು.

ಹೋಗುವ ದಾರಿ, ಮರಳುವ ದಾರಿ

ಪ್ರಶ್ನಾವಳಿ ಅನುವಾದಿಸುವುದಕ್ಕೆ ಒಂದು ಕ್ರಮ ಇದೆ. ಡಾರ್ಕಸ್ ಬೀಟನ್, ಫ್ರಾನ್ಸಿಸ್ ಗಿಯ್ಮಾ ಮೊದಲಾದವರು 2000ದಲ್ಲಿ ಬರೆದಿಟ್ಟ ಕ್ರಮವನ್ನು ಇಂದಿಗೂ ಬಹಳ ಮಂದಿ ಅನುಸರಿಸುತ್ತಾರೆ. ಮೊದಲು ಮೂಲದ ಹಕ್ಕುದಾರರ ಒಪ್ಪಿಗೆ ಪಡೆಯಬೇಕು. ಬಳಿಕ ಇಬ್ಬರು ಬೇರೆಬೇರೆಯಾಗಿ ಅನುವಾದ ಮಾಡುತ್ತಾರೆ. ಒಬ್ಬರಿಗೆ ರೋಗದ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ಗೊತ್ತಿಲ್ಲದವರು ಯಾಕೆಂದರೆ, ರೋಗಿಯೂ ಅವರಂತೆಯೇ ಸಾಮಾನ್ಯ ಮನುಷ್ಯ. ಎರಡೂ ಅನುವಾದಗಳನ್ನು ಎದುರಿಟ್ಟು ಒಂದು ಮಾಡುತ್ತಾರೆ. ಅದನ್ನು ಮೂಲ ನೋಡದ ಇಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎಲ್ಲವನ್ನೂ ಒಂದು ಸಮಿತಿ ನೋಡುತ್ತದೆ. ಕೊನೆಗೆ 30ರಿಂದ 40 ರೋಗಿಗಳ ಮೇಲೆ ಪ್ರಯೋಗಿಸಿ, 'ಈ ಪ್ರಶ್ನೆಯಿಂದ ನಿಮಗೆ ಏನು ತಿಳಿಯಿತು?' ಎಂದು ಒಬ್ಬೊಬ್ಬರನ್ನೇ ಕೇಳುತ್ತಾರೆ.

ಎಲ್ಲದರಲ್ಲಿ ಈ ಕೊನೆಯ ಹೆಜ್ಜೆಯೇ ದೊಡ್ಡದು ಎಂದು ನನ್ನ ಅಭಿಪ್ರಾಯ. ತಿರುಗಿಸಿ ಅನುವಾದಿಸುವುದರ ಮೇಲೆ ಎಲ್ಲರಿಗೂ ಬಹಳ ನಂಬಿಕೆ. ಆದರೆ 'ಹೊಟ್ಟೆ ಉರಿ'ಯನ್ನು ಇಂಗ್ಲಿಷಿಗೆ ತಿರುಗಿಸಿ ನೋಡಿ. ಹೊಟ್ಟೆಯಲ್ಲಿ ಉರಿ ಎಂದೇ ಬರುತ್ತದೆ. ಮೂಲಕ್ಕೆ ತಾಳೆಯಾಯಿತು, ಸಮಿತಿಗೆ ಸಂತೋಷವಾಯಿತು. ನಮ್ಮ ಚಿಕ್ಕಮ್ಮನಿಗೆ ಮಾತ್ರ ಅದು ನೆರೆಮನೆಯವರ ತೆಂಗು, ಕಂಗು ನೋಡಿ ಸಂಕಟಪಡುವುದು. ಪದ ಹೋಗಿ ಬಂದ ದಾರಿಯಲ್ಲಿ ಎಲ್ಲಿಯೂ ಸಿಕ್ಕಿಬೀಳದ ತಪ್ಪು, ರೋಗಿಯ ಎದುರು ಕುಳಿತು ಕೇಳಿದರೆ ಅರೆಕ್ಷಣದಲ್ಲಿ ಸಿಗುತ್ತದೆ.

ಜಿಐಟಿ ಇಂಗ್ಲಿಷಿನಿಂದ ಫ್ರೆಂಚ್, ಇಟಾಲಿಯನ್, ಡಚ್ ಭಾಷೆಗಳಿಗೆ ಹೋಗಿದೆ. ಈ ನಾಡುಗಳಲ್ಲಿ ಊಟ, ಬಟ್ಟೆ, ಮಂಚ, ಕಕ್ಕಸು ಹೆಚ್ಚುಕಡಿಮೆ ಒಂದೇ ಬಗೆ. ಹಾಗಾಗಿ ಭಾಷೆ ಬದಲಿಸಿದರೆ ಬಹುಮಟ್ಟಿಗೆ ಸಾಕು. ನಮ್ಮಲ್ಲಿ ಬಾಳುವೆಯನ್ನೂ ಬದಲಿಸಬೇಕಾಗುತ್ತದೆ. ಇದು ಹೊಸ ಮಾತಲ್ಲ. ಸಂಧಿವಾತದ ರೋಗಿಗಳ ದೈನಂದಿನ ಶಕ್ತಿಯನ್ನು ಅಳೆಯುವ ಒಂದು ಪ್ರಸಿದ್ಧ ಪ್ರಶ್ನಾವಳಿ 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಿಂದ ಬಂತು. ಅದನ್ನು 2002ರಲ್ಲಿ ಭಾರತಕ್ಕೆ ಅಳವಡಿಸಿದ ವೈದ್ಯರು 12 ಪ್ರಶ್ನೆಗಳಿಗೆ ಇಳಿಸಿ, ಸೀರೆ ಅಥವಾ ಧೋತಿ ಉಡಲು ಆಗುತ್ತದೆಯೇ, ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತದೆಯೇ, ರಿಕ್ಷಾ ಹತ್ತಿ ಇಳಿಯಲು ಆಗುತ್ತದೆಯೇ ಎಂದು ಕೇಳಿದರು. ಕ್ಯಾನ್ಸರ್ ರೋಗಿಗಳಿಗೆ ಯುರೋಪಿನಲ್ಲಿ ರೂಪಿಸಿದ ಪ್ರಶ್ನಾವಳಿಯೊಂದರ ಕನ್ನಡ ರೂಪವೂ ಇದೆ. ದಾರಿ ಸವೆದ ದಾರಿಯೇ.

ನಮ್ಮ ಮಾತಿಗೆ ತಂದರೆ

ಜಿಐಟಿಯ ಒಂದೊಂದೇ ಪ್ರಶ್ನೆಯನ್ನು ನಮ್ಮ ಮನೆಯೊಳಗೆ ತಂದು ನೋಡೋಣ.

ಎದೆಯಲ್ಲಿ ಉರಿ ಅಥವಾ ಚುಚ್ಚಿದ ಹಾಗೆ ಆಗುವುದರ ಬಗ್ಗೆ ಒಂದು ಪ್ರಶ್ನೆ. ಇದಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರಿನಲ್ಲಿ ಹೃದಯ ಇದೆ. ಶಬ್ದಕ್ಕೆ ಶಬ್ದ ಹಾಕಿ 'ಹೃದಯದ ಉರಿ' ಎಂದು ಬರೆದರೆ ರೋಗಿ ನೇರವಾಗಿ ಇ.ಸಿ.ಜಿ. ತೆಗೆಸಲು ಹೊರಡಬಹುದು. 'ಎದೆ ಉರಿ' ನಮ್ಮ ಮಾತು. ಅದಕ್ಕೂ ಸಂಕಟ ಎಂಬ ಇನ್ನೊಂದು ಅರ್ಥ ಇಣುಕುವುದರಿಂದ 'ಊಟದ ನಂತರ ಅಥವಾ ಮಲಗಿದಾಗ' ಎಂದು ಸೇರಿಸಿದರೆ ಸ್ಪಷ್ಟ. ಮಲಯಾಳದಲ್ಲಿ ಇದಕ್ಕೆ ನೆಂಜೆರಿಚ್ಚಿಲ್ ಎಂಬ ಒಂದೇ ಪದ ಇದೆ, ಸುಲಭ. ಹುಳಿ ಪದಾರ್ಥ ತಿಂದಾಗ ಉರಿ ಬರುತ್ತದೆಯೇ ಎಂಬ ಪ್ರಶ್ನೆಯಲ್ಲಿ ಟೊಮೆಟೊ, ಕಿತ್ತಳೆಯ ಉದಾಹರಣೆ ಇದೆ. ನಮ್ಮ ಕಡೆ ಹುಣಸೆಹುಳಿ, ಬಿಂಬುಳಿ, ಪುನರ್ಪುಳಿ ಎಂದರೆ ಮಾತ್ರ 'ಹೌದಪ್ಪ' ಎಂಬ ಉತ್ತರ ಬಂದೀತು.

ಗಟ್ಟಿ ಆಹಾರ ನುಂಗಲು ಕಷ್ಟವೇ? ಇದು ಸರಳ ಎನಿಸುತ್ತದೆ. ಆದರೆ ನುಂಗಲು ಕಷ್ಟವಾದ ಕೂಡಲೇ ನಮ್ಮವರು ಕುಚ್ಚಲಕ್ಕಿ ಗಂಜಿಗೆ ಇಳಿಯುತ್ತಾರೆ. ಗಂಜಿ ಗಟ್ಟಿಯೋ ದ್ರವವೋ? ಮೂರು ತಿಂಗಳಿನಿಂದ ಗಂಜಿತೆಳಿಯಲ್ಲೇ ಇರುವವರು 'ಕಷ್ಟ ಏನಿಲ್ಲ' ಎನ್ನುತ್ತಾರೆ. ಸುಳ್ಳಲ್ಲ ಅದು. ರೋಗಿ ದಾರಿ ಬದಲಿಸಿಕೊಂಡದ್ದರಿಂದ ಕಷ್ಟ ಅಡಗಿಕೊಂಡಿದೆ.

ಹೊಟ್ಟೆ ಉಬ್ಬಿ ಬೆಲ್ಟು, ಪ್ಯಾಂಟು ಸಡಿಲಿಸಬೇಕಾಯಿತೇ? ಇದಕ್ಕೆ ಸೀರೆಯ ನೆರಿಗೆ, ಲಂಗದ ಲಾಡಿ ಎಂದು ಹಾಕಿದರೆ ಆಯಿತು ಎಂದು ಮೊದಲು ಎಣಿಸಿದ್ದೆ. ಮನೆಯಲ್ಲಿ ಹೇಳಿದಾಗ ಹೆಂಡತಿ ನಕ್ಕಳು. ಕರಾವಳಿಯಲ್ಲಿ ಹೆಂಗಸರು ಮನೆಯೊಳಗೆ ಉಡುವುದು ನೈಟಿ, ಅದಕ್ಕೆ ಸೊಂಟವೇ ಇಲ್ಲ. ಸಡಿಲಿಸುವ ಪ್ರಶ್ನೆಯೇ ಬರುವುದಿಲ್ಲ. ಗಂಡಸರ ಲುಂಗಿಯಂತೂ ಉಬ್ಬರ ಇರಲಿ ಇಲ್ಲದಿರಲಿ ಗಂಟೆಗೊಮ್ಮೆ ಬಿಚ್ಚಿ ಕಟ್ಟುವಂಥದ್ದು. ಹಾಗೆಂದು 'ಹೊಟ್ಟೆ ದೊಡ್ಡದಾಯಿತೇ' ಎಂದಷ್ಟೇ ಕೇಳಿದರೆ ಪ್ರಾಯದ ಹೆಂಗಸರಿಗೆ ಅರ್ಥ ಬೇರೆಯೇ ಆಗುತ್ತದೆ. ತುಳುವಿನಲ್ಲಿ ಹೊಟ್ಟೆಗೆ ಬಂಜಿ, ಗರ್ಭಿಣಿಗೆ ಬಂಜಿನಾಳ್. ಅದೇ ಕನ್ನಡದಲ್ಲಿ ಬಂಜೆ ಎಂದರೆ ಮಕ್ಕಳಾಗದವಳು. ಒಂದೇ ಮನೆಯಲ್ಲಿ ಎರಡೂ ಮಾತು ನಡೆಯುವ ಊರಿದು.

ಮಲಗುವಾಗ ತಲೆಯ ಕಡೆ ಎತ್ತರಿಸಿ, ಇಂಗ್ಲಿಷಿನ ಎಲ್ ಅಕ್ಷರದಂತೆ ಒರಗಿ ಮಲಗಬೇಕಾಯಿತೇ ಎಂಬುದು ಇನ್ನೊಂದು. ಅಕ್ಷರ ಗೊತ್ತಿಲ್ಲದವರಿಗೆ ಎಲ್ ಎಂದರೇನು? ಚಾಪೆಯ ಮೇಲೆ ಮಲಗುವವರಿಗೆ ಮಂಚ ಎತ್ತರಿಸುವುದೆಂದರೇನು? 'ಗೋಡೆಗೆ ಒರಗಿ ಅಥವಾ ಎರಡು ಮೂರು ತಲೆದಿಂಬು ಇಟ್ಟು' ಎಂದರೆ ಸಾಕು.

ಇನ್ನು ಕನ್ನಡದೊಳಗಿನ ಕನ್ನಡಗಳು. ನಮ್ಮ ಕಡೆ ಕಕ್ಕಸು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಸಂಡಾಸ. ಅಲ್ಲಿ ಭೇದಿಗೆ ಮರಾಠಿಯ ಜುಲಾಬ ಎಂದರೆ ಮಕ್ಕಳಿಗೂ ತಿಳಿಯುತ್ತದೆ, ಇಲ್ಲಿ ಯಾರಿಗೂ ತಿಳಿಯದು. ಬೆಂಗಳೂರಿನ ಕಡೆಯವರು 'ತಿಂಡಿ ಆದ ಮೇಲೆ' ಎಂದು ಬರೆದರೆ ನಮಗೆ ಬೆಳಗ್ಗಿನ ಉಪಾಹಾರ. ಉತ್ತರದ ಕಡೆ ತಿಂಡಿ ಎಂದರೆ ಮೈ ತುರಿಕೆಯೂ ಹೌದು. ಸ್ಕ್ಲೆರೋಡರ್ಮದಲ್ಲಿ ತುರಿಕೆಯೂ ಇರುವುದರಿಂದ ಗೊಂದಲಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. 'ಕಳೆದ ವಾರ' ಎಂಬುದೂ ಹಾಗೆಯೇ. ಕೆಲವರು ಹೋದ ಆದಿತ್ಯವಾರದಿಂದ ಶನಿವಾರ ಎಂದು ಲೆಕ್ಕ ಹಾಕುತ್ತಾರೆ. ವಾರ ಹಿಡಿಯುವುದು ಎಂದರೆ ಉಪವಾಸ ಎಂದು ತಿಳಿಯುವವರೂ ಇದ್ದಾರೆ. ಒಪ್ಪತ್ತು ಮಾಡಿದ ದಿನ ಹೊಟ್ಟೆ ಹಗುರವಾಗಿದ್ದರೆ ಅದನ್ನು ಒಳ್ಳೆಯ ದಿನವೆಂದು ಎಣಿಸುವುದೋ ಬಿಡುವುದೋ? 'ಇವತ್ತಿನಿಂದ ಹಿಂದಕ್ಕೆ ಏಳು ದಿನ' ಎಂದು ಬಿಡಿಸಿ ಬರೆಯುವುದೇ ಕ್ಷೇಮ.

ಎಲ್ಲಕ್ಕೂ ಮಿಗಿಲಾದ ತೊಡಕು 'ಗ್ಯಾಸ್ಟ್ರಿಕ್'. ಎದೆ ಉರಿಗೂ ಗ್ಯಾಸ್ಟ್ರಿಕ್, ಹುಳಿತೇಗಿಗೂ ಗ್ಯಾಸ್ಟ್ರಿಕ್, ಉಬ್ಬರಕ್ಕೂ, ವಾಯುವಿಗೂ, ಬೆನ್ನು ನೋವಿಗೂ ಅದೇ. ಆ ಒಂದು ಶಬ್ದ ಹಾಳೆಯೊಳಗೆ ಬಂದರೆ ಆಮ್ಲದ ಗುಂಪು ಯಾವುದು, ಉಬ್ಬರದ ಗುಂಪು ಯಾವುದು ಎಂದು ಬೇರ್ಪಡಿಸುವುದು ಮತ್ತೆ ಸಾಧ್ಯವಿಲ್ಲ.

ತಕ್ಕಡಿಯನ್ನು ತೂಗುವುದು

ಅನುವಾದ ಮುಗಿದರೆ ಕೆಲಸ ಅರ್ಧ ಆಯಿತು. ಆ ಹಾಳೆ ನಿಜಕ್ಕೂ ಅಳೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಅಡಿಕೆ ಮಾರಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಒಂದು ಗೋಣಿ ಅಡಿಕೆಯನ್ನು ಅದೇ ತಕ್ಕಡಿಯಲ್ಲಿ ಎರಡು ಸಲ ತೂಗಿದರೆ ಒಂದೇ ತೂಕ ಬರಬೇಕು. ಪ್ರಶ್ನಾವಳಿಯನ್ನೂ ಅದೇ ರೋಗಿಗೆ ಸ್ವಲ್ಪ ದಿನ ಬಿಟ್ಟು ಮತ್ತೆ ಕೊಡುತ್ತಾರೆ. ಮರುದಿನವೇ ಕೊಟ್ಟರೆ ಹಿಂದಿನ ಉತ್ತರ ನೆನಪಿರುತ್ತದೆ, ಎರಡು ತಿಂಗಳು ಬಿಟ್ಟರೆ ರೋಗವೇ ಬದಲಾಗಿರುತ್ತದೆ. ಮೂಲ ಜಿಐಟಿಯ ಪರೀಕ್ಷೆಯಲ್ಲಿ ಈ ಅಂತರ ಸರಾಸರಿ 1.1 ವಾರ. ಎರಡು ಸಲದ ಉತ್ತರಗಳ ಹೊಂದಿಕೆ ಎಲ್ಲ ಗುಂಪುಗಳಲ್ಲೂ 0.68 ಅಥವಾ ಅದಕ್ಕಿಂತ ಹೆಚ್ಚು ಇತ್ತು. ಪೂರ್ತಿ ಹೊಂದಿಕೆ ಎಂದರೆ 1.

ಎರಡನೆಯದು ಒಂದು ಗುಂಪಿನೊಳಗಿನ ಪ್ರಶ್ನೆಗಳ ನಡುವಿನ ಹೊಂದಾಣಿಕೆ. ಯಕ್ಷಗಾನದ ಹಿಮ್ಮೇಳದಲ್ಲಿ ಚೆಂಡೆ, ಮದ್ದಳೆ, ಜಾಗಟೆ ಬೇರೆಬೇರೆ ಸದ್ದು ಮಾಡಿದರೂ ತಾಳ ಒಂದೇ ಇರಬೇಕಷ್ಟೆ. ಆಮ್ಲದ ಎಂಟು ಪ್ರಶ್ನೆಗಳೂ ಹಾಗೆ ಒಂದೇ ಕಡೆ ಬೊಟ್ಟು ಮಾಡಬೇಕು. ಇದನ್ನು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ಲೀ ಕ್ರಾನ್‌ಬಾಕ್ 1951ರಲ್ಲಿ ವಿವರಿಸಿದ ಆಲ್ಫಾ ಎಂಬ ಅಂಕಿಯನ್ನು ಬಳಸುತ್ತಾರೆ. 0.7ರ ಆಸುಪಾಸು ಅಥವಾ ಹೆಚ್ಚಿದ್ದರೆ ಒಪ್ಪುತ್ತಾರೆ. ಮೂಲದಲ್ಲಿ ಇದು 0.67ಕ್ಕಿಂತ ಕೆಳಗೆ ಇಳಿಯಲಿಲ್ಲ. ಅನುವಾದದಲ್ಲಿ ಒಂದು ಪ್ರಶ್ನೆ ಕೆಟ್ಟಿದ್ದರೆ ಇಲ್ಲಿ ತಾಳ ತಪ್ಪುತ್ತದೆ. ಹುಳಿನೀರು ಬರುತ್ತದೆ ಎಂದು 3 ಹಾಕಿದವರೆಲ್ಲ 'ಹೊಟ್ಟೆ ಉರಿ'ಗೆ 0 ಹಾಕಿದ್ದರೆ ಯಾರಿಗಾದರೂ ಅನುಮಾನ ಬರಲೇಬೇಕು.

ಮೂರನೆಯದು ಸ್ವಲ್ಪ ಸೂಕ್ಷ್ಮ. ತಕ್ಕಡಿ ಪ್ರತಿ ಸಲವೂ ಎರಡು ಕಿಲೋ ಕಡಿಮೆ ತೋರಿಸುತ್ತಿದ್ದರೆ? ಎರಡು ಸಲ ತೂಗಿದರೂ ಒಂದೇ ತೂಕ, ಆದರೆ ತಪ್ಪು ತೂಕ. ಆಗ ಬೇರೆ ತಕ್ಕಡಿಯಲ್ಲಿ ಹಾಕಿ ನೋಡಬೇಕು. ಜಿಐಟಿಯನ್ನು ಎಸ್‌ಎಫ್-36 ಎಂಬ, ಒಟ್ಟು ಆರೋಗ್ಯವನ್ನು ಕೇಳುವ ಇನ್ನೊಂದು ಪ್ರಶ್ನಾವಳಿಯ ಜೊತೆ ಹೋಲಿಸಿದರು. ಹೊಟ್ಟೆಯ ತೊಂದರೆ ತನಗೆ ತೀವ್ರವಾಗಿದೆ ಎಂದು ರೋಗಿಯೇ ಹೇಳಿದ್ದರೆ ಅವರ ಅಂಕವೂ ಹೆಚ್ಚಿರಬೇಕು ಎಂದೂ ನೋಡಿದರು.

ಇಷ್ಟಕ್ಕೆಲ್ಲ ರೋಗಿಗಳು ಬೇಕು. ಒಂದು ಪ್ರಶ್ನೆಗೆ ಐದು ಮಂದಿ ಎಂಬ ರೂಢಿಯ ಲೆಕ್ಕ ಹಿಡಿದರೂ 34ಕ್ಕೆ 170 ಮಂದಿ. ಇದು ಅಪರೂಪದ ಕಾಯಿಲೆ, ಒಂದು ಜಿಲ್ಲೆಯಲ್ಲಿ ಅಷ್ಟು ಮಂದಿ ಸಿಗುವುದಿಲ್ಲ. ಹಲವು ಊರುಗಳ ಆಸ್ಪತ್ರೆಗಳು ಸೇರಬೇಕು. ಹಾಗೆ ಸೇರಿದಾಗಲಾದರೂ ಗಡಿಯಾಚೆಯ ಕನ್ನಡದವರನ್ನು ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರಿನ ಮಾತಿನಲ್ಲಿ ಪರೀಕ್ಷೆ ಮಾಡಿದ ಹಾಳೆ ತಾಳವಾಡಿಯಲ್ಲಿ, ಮಡಕಶಿರದಲ್ಲಿ ಅಷ್ಟೇ ಸರಿಯಾಗಿ ಅಳೆಯುತ್ತದೆ ಎಂದು ಯಾರೂ ಮೊದಲೇ ಹೇಳಲಾರರು.

ಒಂದೇ ಒಂದು ಪ್ರಶ್ನೆ

ಮೊದಲು ಬಿಟ್ಟ ಮಾತಿಗೆ ಬರುತ್ತೇನೆ. ಹಿಡಿತ ತಪ್ಪುವ ಬಗ್ಗೆ ಜಿಐಟಿಯಲ್ಲಿ ಇರುವುದು ಒಂದೇ ಪ್ರಶ್ನೆ. ಆದರೆ ಒಟ್ಟು ಅಂಕದಲ್ಲಿ ಅದು ಒಂದು ಇಡೀ ಗುಂಪು. ಆಮ್ಲದ ಎಂಟು ಪ್ರಶ್ನೆಗಳು ಒಟ್ಟಾಗಿ ಎಷ್ಟು ತೂಗುತ್ತವೆಯೋ ಈ ಒಂದು ಪ್ರಶ್ನೆ ಅಷ್ಟೇ ತೂಗುತ್ತದೆ. ಕಕ್ಕಸಿಗೆ ತಲುಪುವ ಮೊದಲೇ ಒಳ ಉಡುಪು ಕೊಳೆಯಾಯಿತೇ ಎಂದು ಕೇಳುತ್ತದೆ.

ಹಳೆಯ ಮನೆಗಳಲ್ಲಿ ಕಕ್ಕಸು ಮನೆಯೊಳಗೆ ಇಲ್ಲ, ತೋಟದ ಬದಿಯಲ್ಲಿ ಇದೆ. ಮಳೆಗಾಲದ ರಾತ್ರಿ ಜಾರುವ ಅಂಗಳ ದಾಟಿ ಹೋಗಬೇಕು. ಅದೇ ರೋಗ ಇರುವ ಇಬ್ಬರಲ್ಲಿ ಒಬ್ಬರ ಕೋಣೆಗೆ ತಾಗಿಯೇ ಕಕ್ಕಸು ಇದ್ದರೆ ಅವರ ಅಂಕ 0, ಇನ್ನೊಬ್ಬರದು 2. ಇಲ್ಲಿ ಅಳೆದದ್ದು ಕರುಳನ್ನೋ ಮನೆಯನ್ನೋ?

ಅದಕ್ಕಿಂತ ಮುಖ್ಯವಾದದ್ದು, ಈ ಪ್ರಶ್ನೆಯನ್ನು ಓದುವವರು ಯಾರು ಎಂಬುದು. ಬೆರಳು ಮಡಚಿದವರು ತಾವೇ ಬರೆಯಲಾರರು. ಮಗ ಓದುತ್ತಾನೆ, ಸೊಸೆ ಓದುತ್ತಾಳೆ, ಇಲ್ಲವೇ ನನ್ನಂಥವನು ಓದುತ್ತಾನೆ. ಮಲಯಾಳ ಮಾತ್ರ ಬರುವ ಡಾಕ್ಟರಾದರೆ ನಡುವೆ ಇನ್ನೊಬ್ಬರು. ಅಡುಗೆಮನೆಯ, ದೇವರಕೋಣೆಯ ಮಡಿ ಮೈಲಿಗೆ ನೋಡಿಕೊಂಡು ಬೆಳೆದ ಹೆಂಗಸು ಸೊಸೆಯ ಎದುರು ಇದಕ್ಕೆ 'ಹೌದು' ಎಂದಾರೆಯೇ? ಹಾಗಾಗಿ ಆ ಕಾಲಮಿನಲ್ಲಿ ಸೊನ್ನೆಗಳು ತುಂಬುತ್ತವೆ. ತೊಂದರೆ ಇಲ್ಲದವರ ಸೊನ್ನೆಯೂ, ಹೇಳಲಾಗದವರ ಸೊನ್ನೆಯೂ ಹಾಳೆಯ ಮೇಲೆ ಒಂದೇ ರೀತಿ ಕಾಣುತ್ತವೆ. ಎಷ್ಟು ಒಳ್ಳೆಯ ಕನ್ನಡದಲ್ಲಿ ಬರೆದರೂ ಇದನ್ನು ಪದ ಸರಿಮಾಡುವುದಿಲ್ಲ. ಮನೆಯವರನ್ನು ಹೊರಗೆ ಕೂರಿಸಿ ಒಬ್ಬ ನರ್ಸ್ ಓದಿ ಕೇಳಬೇಕು, ಅಥವಾ ಧ್ವನಿ ಮುದ್ರಿಸಿ ಕಿವಿಗೆ ಕೇಳಿಸಿ ಬೆರಳಲ್ಲಿ ತೋರಿಸುವಂತೆ ಮಾಡಬೇಕು. ಯಾವ ರೀತಿ ಕೊಡುವುದೋ ಅದೇ ರೀತಿಯಲ್ಲಿ ಪರೀಕ್ಷೆಯೂ ಆಗಬೇಕು. ತಾನೇ ಓದಿ ತುಂಬಿದ ಉತ್ತರಕ್ಕೂ ಇನ್ನೊಬ್ಬರು ಓದಿ ಪಡೆದ ಉತ್ತರಕ್ಕೂ ವ್ಯತ್ಯಾಸ ಬರುತ್ತದೆ.

ಸುಮ್ಮನಿದ್ದರೆ ಆಗುವ ನಷ್ಟ ಏನು? ಆಮ್ಲ ಕಡಿಮೆ ಮಾಡುವ ಮಾತ್ರೆ ಇದೆ, ಕರುಳಿನ ಚಲನೆಗೆ ಔಷಧಿ ಇದೆ, ಸಣ್ಣ ಕರುಳಿನಲ್ಲಿ ಬೆಳೆದ ಬ್ಯಾಕ್ಟೀರಿಯಾಕ್ಕೆ ಆಂಟಿಬಯೋಟಿಕ್ ಇದೆ. ಭೇದಿ ಹತೋಟಿಗೆ ಬಂದರೆ ಎಷ್ಟೋ ಮಂದಿಗೆ ಹಿಡಿತ ತಪ್ಪುವುದೂ ಕಡಿಮೆಯಾಗುತ್ತದೆ. ಹೇಳದಿದ್ದವರಿಗೆ ಇದು ಯಾವುದೂ ಸಿಗುವುದಿಲ್ಲ. ಅವರು ಊಟ ಕಡಿಮೆ ಮಾಡುತ್ತಾರೆ, ಕೋಲಕ್ಕೆ, ಮದುವೆಗೆ, ಆಟಕ್ಕೆ ಹೋಗುವುದನ್ನು ಬಿಡುತ್ತಾರೆ, ತೂಕ ಇಳಿಯುತ್ತದೆ. ಕರುಳು ತೀರಾ ಸೋತವರಲ್ಲಿ ಪೌಷ್ಟಿಕಾಂಶದ ಕೊರತೆಯೇ ಜೀವಕ್ಕೆ ಮುಳುವಾಗುತ್ತದೆ.

ಚಿಕ್ಕಮ್ಮನ ಮಗಳು ನಂತರ ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆಯಲು ಸುರು ಮಾಡಿದಳು. ಇಂಥ ರೋಗಿಗಳು ಮನೆಯಲ್ಲಿ ಇದ್ದರೆ ನೀವೂ ಮಾಡಬಹುದು. ಡಾಕ್ಟರರಲ್ಲಿಗೆ ಹೋಗುವ ಮೊದಲಿನ ಏಳು ದಿನ, ಏನು ತಿಂದಿರಿ, ಯಾವುದು ಗಂಟಲಲ್ಲಿ ನಿಂತಿತು, ರಾತ್ರಿ ಎಷ್ಟು ಸಲ ಎದ್ದಿರಿ, ಎಷ್ಟು ಸಲ ಹೊರಕಡೆ ಹೋದಿರಿ ಎಂದು ನಿಮ್ಮ ಮನೆಯ ಮಾತಿನಲ್ಲೇ ಬರೆದಿಡಿ. ತುಳುವಾದರೂ ಸರಿ, ಮರಾಠಿಯಾದರೂ ಸರಿ. ಮಲ ಕಪ್ಪಾಗಿ ಹೋದರೆ, ರಕ್ತ ವಾಂತಿಯಾದರೆ, ತುತ್ತು ಪೂರ್ತಿ ಸಿಕ್ಕಿಕೊಂಡರೆ ಏಳು ದಿನ ಕಾಯಬಾರದು, ಅಂದೇ ಹೋಗಬೇಕು. ಆಸ್ಪತ್ರೆಯಲ್ಲಿ ಹಾಳೆ ಕೊಟ್ಟು ಅದರ ಪ್ರಶ್ನೆ ಅರ್ಥವಾಗದಿದ್ದರೆ ಅಂದಾಜಿನಲ್ಲಿ ಗುರುತು ಹಾಕಬೇಡಿ, ಖಾಲಿ ಬಿಟ್ಟು ಕೇಳಿ.

ಅಂದು ನಾನು ಹಾಕಿದ ಆ ಸೊನ್ನೆಯನ್ನು ತಿದ್ದಿಸಲು ಮುಂದಿನ ಸಲ ಹೋದಾಗ ಕೇಳಿದೆ. ಹಾಳೆ ಫೈಲಿಗೆ ಸೇರಿ ಆಗಿತ್ತು. ಡಾಕ್ಟರರು ಮಾತ್ರ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, 'ರಾತ್ರಿ ಹುಳಿನೀರು ಬರುತ್ತದಾ ಅಮ್ಮ?' ಎಂದು ಕೇಳಿದರು. ಚಿಕ್ಕಮ್ಮ ಹತ್ತು ನಿಮಿಷ ಮಾತಾಡಿದರು.